ಶಾಲೆಯ ಹೊಣೆ ಶಾಸನಸಭೆಯದೇ

ಒಂದು ದೇಶಕ್ಕೆ ಒಂದೇ ಸಂವಿಧಾನವೆಂಬ ವ್ಯವಸ್ಥೆಗೆ ಒಗ್ಗಿಹೋಗಿರುವ ನಮಗೆ, ಅಮೆರಿಕದ ಐವತ್ತು ರಾಜ್ಯಗಳಿಗೂ ಪ್ರತ್ಯೇಕ ಸಂವಿಧಾನಗಳುಂಟೆಂಬುದೂ, ಮಕ್ಕಳ ವಿದ್ಯಾಭ್ಯಾಸದ ಹೊಣೆಯನ್ನು ಹೇಳುವುವು ಅವೇ ಹೊರತು 1787ರಲ್ಲಿ ರಚಿತವಾದ ಆ ಪ್ರಸಿದ್ಧ ಸಂವಿಧಾನವಲ್ಲವೆಂಬುದೂ ತುಸು ವಿಚಿತ್ರವಾಗಿ ತೋರಬಹುದು. ಆ ಹಿರಿಯ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಬಡ ಪೋಷಕರು, ಸಿರಿವಂತರ ಶಾಲೆಗೂ ತಮ್ಮ ಮಕ್ಕಳ ಶಾಲೆಗೂ ದೊರೆಯುವ ಹಣದಲ್ಲಿನ ಅಗಾಧ ಅಂತರವನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಾಗ, ನಾಲ್ವರು ನ್ಯಾಯಮೂರ್ತಿಗಳ ಭಿನ್ನಮತವನ್ನು ಐವರ ಬಹುಮತವು ಮೀರಿ, ವಿದ್ಯಾಭ್ಯಾಸವು ಆ ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕಲ್ಲವೆಂದು 1973ರಲ್ಲಿ ತೀರ್ಪಿತ್ತಿತು. ಅನಂತರ ಬಡಶಾಲೆಗಳ ವ್ಯಾಜ್ಯಗಳು ರಾಜ್ಯಗಳ ನ್ಯಾಯಾಲಯಗಳತ್ತ ತಿರುಗಿದವು. ಅವುಗಳಲ್ಲಿ ಕೆಂಟಕಿ ರಾಜ್ಯದ ವ್ಯಾಜ್ಯವು ನಮ್ಮ ವಿಶೇಷ ಗಮನಕ್ಕೆ ಅರ್ಹವಾದುದು.

ರಾಜ್ಯದಾದ್ಯಂತ ಸಮರ್ಥವಾದ ಸಾರ್ವಜನಿಕ ಶಾಲಾ ವ್ಯವಸ್ಥೆಯೊಂದನ್ನು ಶಾಸನಸಭೆಯು ಕಾನೂನಿನ ಮೂಲಕ ಏರ್ಪಡಿಸತಕ್ಕದ್ದೆಂದು ಕೆಂಟಕಿಯ 1891ರ ಸಂವಿಧಾನದ 183ನೆಯ ವಿಧಿಯು ವಿಧಿಸುತ್ತದೆ. ಇಷ್ಟು ಉದಾತ್ತವಾಗಿ ನುಡಿದ ಆ ಗ್ರಂಥವೇ, ಬಿಳಿಯರ ಮತ್ತು ಕರಿಯರ ಮಕ್ಕಳಿಗೆ ಬೇರೆಬೇರೆ ಶಾಲೆಗಳಿರಬೇಕೆಂದೂ ವಿಧಿಸಿತ್ತೆಂಬುದನ್ನು, ಮತ್ತು ಶಾಲೆಗಳಲ್ಲಿನ ವರ್ಣಭೇದವನ್ನು ಸಂವಿಧಾನಬಾಹಿರವೆಂದು ಸಾರಿದ 1954ರ ಬ್ರೌನ್ ತೀರ್ಪಿನಿಂದ ನಿರ್ಜೀವವಾದ ಆ ವಾಕ್ಯವನ್ನು ಮತದಾರರು ಅಳಿಸಿದುದು 1996ರಲ್ಲೆಂಬುದನ್ನು ಮರೆಯಲಾಗದು.

ವಿಧಿ ಹೀಗಿದ್ದರೂ, ಶಾಲೆಯ ಹಣದಲ್ಲಿ ದೊಡ್ಡದೊಂದು ಪಾಲು ಆಯಾ ಸೀಮೆಯ ಮನೆ, ಜಮೀನುಗಳ ಮೇಲಣ ತೆರಿಗೆಯಿಂದ ಬರಬೇಕಾಗಿತ್ತು. ಆಸ್ತಿಗೆ ಬೆಲೆಕಟ್ಟುವ ಅಧಿಕಾರಿ ಅಲ್ಲಿ ಜನರಿಂದ ಚುನಾಯಿತನಾಗುವವನು; ಮುಂದಿನ ಚುನಾವಣೆಯಲ್ಲಿ ತನಗೆ ಮತ ಹಾಕಬೇಕಾದವರ ಮನೆಗೆ ಹೆಚ್ಚು ಬೆಲೆ ಕಟ್ಟುವಷ್ಟು ಧೀರನು ಯಾವ ದೇಶದಲ್ಲಿಯಾದರೂ ಅಪರೂಪವೇ. ನಿಜವಾದ ಬೆಲೆಯ ಮೂರರಲ್ಲೊಂದು ಪಾಲನ್ನೂ ದಾಖಲಿಸದೆ ಬಹುಕಾಲ ನಡೆದ ಈ ಪದ್ಧತಿಯನ್ನು ನ್ಯಾಯಾಲಯವು 1965ರಲ್ಲಿ ತಡೆದು, ಪೂರ್ಣ ಬೆಲೆಯನ್ನೇ ಕಟ್ಟತಕ್ಕದ್ದೆಂದು ಆಜ್ಞಾಪಿಸಲು, ಶಾಸನಸಭೆಯು ಆ ವರ್ಷವೇ ವಿಶೇಷಾಧಿವೇಶನ ಸೇರಿ, ಬೆಲೆ ಏರಿದಷ್ಟಕ್ಕೂ ತೆರಿಗೆಯ ದರವನ್ನು ಇಳಿಸಿ, ಶಾಲೆಗಳ ಕೈಗೆ ಹೆಚ್ಚಿನದೇನೂ ಸೇರದಂತೆ ನೋಡಿಕೊಂಡಿತು. ಪೂರ್ವದ ಗುಡ್ಡಗಾಡಿನ ಕಲ್ಲಿದ್ದಲ ಸೀಮೆಗಳಲ್ಲಿಯಂತೂ ಬೇರೆ ಉದ್ಯೋಗವೇ ವಿರಳವಾಗಿದ್ದುದರಿಂದ, ಶಾಲಾಮಂಡಳಿಗಳು ಬಂಧುಬಾಂಧವರಿಗೆ ನೌಕರಿ ಹಂಚುವ ಪೀಠಗಳಾಗಿದ್ದವು.

1985ರಲ್ಲಿ 66 ಶಾಲಾ ಜಿಲ್ಲೆಗಳು ಒಂದಾಗಿ ತಮ್ಮ ರಾಜ್ಯದ ಮೇಲೆಯೇ ದಾವೆ ಹೂಡಿದವು. ಅವುಗಳ ಪರವಾಗಿ ನಿಂತವರು ಅದೇ ಗುಡ್ಡಗಾಡಿನಲ್ಲಿ ಹುಟ್ಟಿ, ಹಿಂದೆ ಗವರ್ನರ್ ಆಗಿದ್ದ ಬರ್ಟ್ ಕೋಂಬ್ಸ್. 1989ರ ಜೂನ್ ತಿಂಗಳಲ್ಲಿ ಕೆಂಟಕಿಯ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ ಸ್ಟೀಫನ್ಸ್ ಬರೆದ ತೀರ್ಪು, ಹಣ ಹಂಚುವ ಕ್ರಮವನ್ನಷ್ಟೇ ಅಲ್ಲ, ಶಾಲಾಮಂಡಳಿಗಳ ರಚನೆ, ಉಪಾಧ್ಯಾಯರ ಅರ್ಹತೆಯ ನಿಯಮಗಳನ್ನೂ ಒಳಗೊಂಡ ಇಡೀ ಶಾಲಾ ವ್ಯವಸ್ಥೆಯೇ ಸಂವಿಧಾನಬಾಹಿರವೆಂದು ಸಾರಿತು. ಮಾತಿನ ಮತ್ತು ಬರಹದ ಸಾಮರ್ಥ್ಯದಿಂದ ಮೊದಲ್ಗೊಂಡು, ರಾಜ್ಯಾಡಳಿತದ ತಿಳಿವಳಿಕೆ, ಕಲಾಭಿರುಚಿ, ನೆರೆರಾಜ್ಯಗಳವರಿಗೆ ಸರಿಗಟ್ಟಬಲ್ಲ ಕೌಶಲ ಮುಂತಾಗಿ ಏಳು ಶಕ್ತಿಗಳು ಪ್ರತಿಯೊಂದು ಮಗುವಿಗೂ ಒದಗಬೇಕೆಂದೂ ಹೇಳಿತು. ಇಷ್ಟಾಗಿಯೂ, ಯಾವ ತೆರಿಗೆಯನ್ನು ಎಷ್ಟು ಏರಿಸಬೇಕೆಂಬುದನ್ನು ಮಾತ್ರ ಅದು ಹೇಳಲಿಲ್ಲ. ಹಣವನ್ನು ಸ್ಥಳೀಯ ಮಂಡಳಿಗಳಿಂದ ಎತ್ತಿದರೂ ಹೊಣೆಯನ್ನು ಅವುಗಳ ಮೇಲೆ ಜಾರಿಸಲಾಗದು, ಅದು ಶಾಸನಸಭೆಯದೇ ಎಂದು ಹೇಳಿ, ನಿರ್ವಾಹವನ್ನು ಅದಕ್ಕೇ ಬಿಟ್ಟಿತು. ಮರುವರ್ಷವೇ ಹೊಸ ಶಿಕ್ಷಣ ಕಾಯಿದೆ ಬಂದಿತು, ಮಾರಾಟ ತೆರಿಗೆಯು ಶೇಕಡಾ 5ರಿಂದ 6ಕ್ಕೆ ಏರಿತು, ಬಂಧುಗಳ ನೇಮಕಕ್ಕೂ ಅಂಕುಶ ಬಿದ್ದಿತು.

ನಮ್ಮಲ್ಲಿ ಈ ವಿಷಯವು ಹಕ್ಕಿನ ರೂಪದಲ್ಲಿ ಬೆಳೆದುಬಂದಿದೆ. ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಶುಲ್ಕದ ಕಾರಣವಾಗಿ ಹುಟ್ಟಿದ 1992ರ ಮೋಹಿನಿ ಜೈನ್ ತೀರ್ಪು ಅದಕ್ಕೆ ನಾಂದಿಯಾಯಿತು. 2002ರ ತಿದ್ದುಪಡಿಯ 21ಎ ವಿಧಿಯು ಆರರಿಂದ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳಿಗೆ ಆ ಹಕ್ಕನ್ನಿತ್ತು, ಅದರ ರೀತಿನೀತಿಗಳನ್ನು ಸರ್ಕಾರದ ಕಾನೂನಿಗೇ ಬಿಟ್ಟಿತು. ಹಕ್ಕು ದೊಡ್ಡದೇ, ಆದರೆ ಅದನ್ನು ಕೇಳಲು ನ್ಯಾಯಾಲಯಕ್ಕೆ ಹೋಗಬೇಕಾದವರು, ಸೋರುವ ಕೊಠಡಿಯಲ್ಲಿ ಕುಳಿತ ಮಗುವಿನ ತಂದೆತಾಯಿಗಳು. ಒಂದೊಂದು ಮಗುವಿನ ಕೊರತೆಯನ್ನಲ್ಲದೆ ವ್ಯವಸ್ಥೆಯ ಒಟ್ಟು ಸಾಮರ್ಥ್ಯವನ್ನೇ ಅಳೆಯತಕ್ಕ ಕರ್ತವ್ಯವಾಕ್ಯವೊಂದು ಶಾಸಕರ ನೆತ್ತಿಯ ಮೇಲಿರುವುದು ಹೆಚ್ಚು ಫಲಕಾರಿಯೆಂಬುದು ನನ್ನ ಅಭಿಪ್ರಾಯ. ತೀರ್ಪೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ಇದರರ್ಥವಲ್ಲ: ಕೆಂಟಕಿಯಲ್ಲಿಯೂ ಬಡ, ಸಿರಿವಂತ ಜಿಲ್ಲೆಗಳ ನಡುವಣ ಅಂತರವು ಮೊದಲು ಕುಗ್ಗಿ, ಶಾಸಕರ ಉತ್ಸಾಹ ಇಳಿದಂತೆ ಪುನಃ ಹಿಗ್ಗಿತು.

ಮತ್ತೊಂದು ವ್ಯತ್ಯಾಸವೂ ಉಂಟು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಶಿಕ್ಷಣವು ರಾಜ್ಯಗಳ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸೇರಿದಾಗ, ಯಾವ ಕನ್ನಡಿಗನ ಮತವನ್ನೂ ಯಾರೂ ಕೇಳಲಿಲ್ಲ. ಕೆಂಟಕಿಯಲ್ಲಿ ಸಂವಿಧಾನದ ಒಂದು ಪದವನ್ನು ತಿದ್ದಬೇಕಾದರೂ ಮತದಾರರ ಒಪ್ಪಿಗೆ ಬೇಕು. ಖಾಸಗಿ ಶಾಲೆಗಳ ಶುಲ್ಕಕ್ಕೆ ತೆರಿಗೆಯ ವಿನಾಯಿತಿಯ ಮೂಲಕ ನೆರವಾಗುವ ಕಾನೂನೊಂದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ರದ್ದುಗೊಳಿಸಿದ ಮೇಲೆ, ಶಾಸನಸಭೆಯು ಸಂವಿಧಾನದ ಆ ಅಡ್ಡಿಯನ್ನೇ ನಿವಾರಿಸಲು ತಿದ್ದುಪಡಿಯೊಂದನ್ನು 2024ರ ನವೆಂಬರಿನಲ್ಲಿ ಜನರ ಮುಂದಿಟ್ಟಿತು. ಆ ತಿದ್ದುಪಡಿಯನ್ನು ತಂದ ಪಕ್ಷದ ಅಧ್ಯಕ್ಷಾಭ್ಯರ್ಥಿಗೆ ಅದೇ ದಿನ ಭಾರಿ ಬಹುಮತವನ್ನಿತ್ತ ಮತದಾರರು, ರಾಜ್ಯದ 120 ಕೌಂಟಿಗಳಲ್ಲಿ ಒಂದರಲ್ಲಿಯೂ ಅದನ್ನು ಒಪ್ಪಲಿಲ್ಲ.