ಇಲಿಯ ಸಾವಿನ ಲೆಕ್ಕ

ನೆರಡಿ, ಎಂದರೆ ಆಂಥ್ರಾಕ್ಸ್ ರೋಗದ ಹೆಸರೆತ್ತಿದರೆ ಹಾವೇರಿಯ ದನದ ಸಂತೆಗೆ ಎತ್ತು ಹೊಡೆದುಕೊಂಡು ಬರುವ ರೈತನ ಎದೆ ಇಂದಿಗೂ ನಡುಗುತ್ತದೆ. ಆ ರೋಗಾಣುವಿನ ವಿಷವನ್ನೇ ಕ್ಯಾನ್ಸರಿಗೆ ಮದ್ದಾಗಿಸುವ ಯತ್ನ ನಡೆದಿದೆಯೆಂದರೆ ವಿಪರೀತವೆನಿಸೀತು. ಅದರ ಯುಕ್ತಿ ಮಾತ್ರ ಸರಳ. ಈ ವಿಷವು ಜೀವಕೋಶದೊಳಕ್ಕೆ ಹೊಗಬೇಕಾದರೆ, ಅದನ್ನು ಹೊತ್ತೊಯ್ಯುವ ಪ್ರೋಟೀನನ್ನು ಕೋಶದ ಮೇಲ್ಮೈಯಲ್ಲಿರುವ ಕಿಣ್ವವೊಂದು ಮೊದಲು ಕತ್ತರಿಸಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸ್ಟೀಫನ್ ಲೆಪ್ಲಾ ಮತ್ತು ಸಂಗಡಿಗರು ಆ ಕತ್ತರಿಸುವ ಜಾಗವನ್ನೇ ಬದಲಿಸಿ, ಗೆಡ್ಡೆಗಳಲ್ಲಿ ಹೇರಳವಾಗಿರುವ ಯುರೋಕೈನೇಸ್ ಎಂಬ ಕಿಣ್ವಕ್ಕೆ ಅದು ಒಗ್ಗುವಂತೆ ಮಾಡಿದರು. 2003ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳ ಗೆಡ್ಡೆಗಳು ಬಹಳವಾಗಿ ಕುಗ್ಗಿದವು.

ಇಂಥ ವಾರ್ತೆಯು ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂಬ ತಲೆಬರಹ ಹೊತ್ತು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವವನ ಮನೆಗೋ, ರಾಣೇಬೆನ್ನೂರಿನ ಬೀಜದ ವ್ಯಾಪಾರಿಯ ಮನೆಗೋ ಬಂದಾಗ, ಅಲ್ಲಿ ರೋಗಿಯಿದ್ದರೆ ಹೊಲ ಅಡವಿಟ್ಟಾದರೂ ಅದನ್ನು ತರಿಸುವ ಆಸೆ ಹುಟ್ಟುವುದು ಸಹಜ. ನೆರಡಿಯ ವಿಷದ ಮದ್ದು ಇನ್ನೂ ಚಿಕಿತ್ಸೆಯ ಬಳಕೆಗೆ ಬಂದಿಲ್ಲ. ಗಂಟಲುಮಾರಿಯ ವಿಷದಿಂದ ರೂಪಿಸಿದ ಮದ್ದೊಂದಕ್ಕೆ 1999ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ವಿರಳ ಲಿಂಫೋಮಾಕ್ಕೆ. ಸೂಡೋಮೊನಾಸ್ ಬ್ಯಾಕ್ಟೀರಿಯಾದ ವಿಷದಿಂದಾದ ಇನ್ನೊಂದು 2018ರಲ್ಲಿ ಬಂದು, ಬಳಸುವವರು ತೀರ ಕಡಿಮೆಯಾಗಿ 2023ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ರೋಗಿಯ ದೇಹವೇ ಈ ಪರಕೀಯ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಹೂಡಿ ಮದ್ದನ್ನು ನಿಷ್ಫಲಗೊಳಿಸುವುದುಂಟು. ‘ಇಲಿಗಳಲ್ಲಿ’ ಎಂಬ ಒಂದು ಪದಕ್ಕೆ ತಲೆಬರಹದಲ್ಲಿ ಜಾಗವಿಲ್ಲವೆಂದು ಪತ್ರಿಕಾ ಮಿತ್ರರು ಹೇಳಿಯಾರು. ಚಿತ್ರನಟರ ಮದುವೆಗಳಿಗೆ ಜಾಗ ಸಿಗುತ್ತಲೇ ಇದೆ.

ಪ್ರಾಣಿಗಳ ಮೇಲಿನ ಪ್ರಯೋಗವೇ ಸಲ್ಲದೆಂದು ನಾವು ವಾದಿಸುವುದಿಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ವಿವೇಕದ ಮಿತಿಯೊಳಗೆ ಮನುಷ್ಯಜೀವ ಉಳಿಸಲು ನೆರವಾಗುವ ಪ್ರಯೋಗವನ್ನು ಒಪ್ಪುತ್ತದೆ. ಅನವಶ್ಯವಾಗಿ ಪ್ರಾಣಿಗಳನ್ನು ನೋಯಿಸುವುದು ಮಾನವ ಘನತೆಗೇ ವಿರುದ್ಧವೆನ್ನುತ್ತದೆ. ನಮ್ಮ ದೇಶದಲ್ಲಿ 1960ರ ಕಾಯಿದೆಯೂ 1998ರ ನಿಯಮಗಳೂ ಇದಕ್ಕೆ ಕಟ್ಟುಪಾಡು ವಿಧಿಸಿವೆ. ಆದರೆ ‘ಅನವಶ್ಯ’ವೆಂಬುದರ ಅರ್ಥ ಪಂಜರದ ಬಳಿ ಮುಗಿಯುವಂಥದಲ್ಲ. ಒಪ್ಪಿಗೆ ನೀಡಲಾರದ ಜೀವಿಯನ್ನು ಸಾಧನವಾಗಿ ಬಳಸಿದವನಿಗೆ ಫಲಿತಾಂಶದಲ್ಲಿ ಬೇಕಾದಷ್ಟನ್ನೇ ಆರಿಸಿ ಹೇಳುವ ಸ್ವಾತಂತ್ರ್ಯ ಎಲ್ಲಿಂದ ಬಂತು? ಗೆಡ್ಡೆ ಕರಗಿದ ಇಲಿಗಳ ಜೊತೆಗೆ, ವಿಷದಿಂದಲೇ ಸತ್ತ ಇಲಿಗಳ ಲೆಕ್ಕವೂ, ವಿಫಲವಾದ ಪ್ರಯೋಗದ ವಿವರವೂ ಪ್ರಕಟವಾಗಬೇಕು. ಅದನ್ನು ಕಪಾಟಿನಲ್ಲಿ ಮುಚ್ಚಿಟ್ಟರೆ, ಬೇರೊಂದು ಪ್ರಯೋಗಾಲಯದಲ್ಲಿ ಅದೇ ವೈಫಲ್ಯಕ್ಕಾಗಿ ಇನ್ನೊಂದು ಪಂಜರದ ಇಲಿಗಳು ಸಾಯಬೇಕಾಗುತ್ತದೆ.