ಬ್ಯಾಕಪ್ ದೇವರುಗಳು

ವಿಗ್ರಹಾರಾಧನೆ ಬೇಡ ಅಂದರೆ ಕಲ್ಲಿನ ಮೂರ್ತಿಗೆ ಕೈ ಮುಗಿಯಬಾರದು ಅಂತ ಮಾತ್ರ ಅರ್ಥ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ಸುಲಭವಿತ್ತು ಬಿಡಿ. ಒಬ್ಬ ದೇವರನ್ನು ನಂಬಿದ್ದೇವೆ ಅನ್ನುತ್ತಲೇ, ಅವನು ಕೈಕೊಟ್ಟರೆ ಇರಲಿ ಅಂತ ಇನ್ನೊಂದನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತೇವಲ್ಲ, ನನ್ನ ಪ್ರಕಾರ ನಿಜವಾದ ವಿಗ್ರಹ ಅದು.

ನಾನು ಮಾಡುವ ಕೆಲಸದಲ್ಲಿ ಈ ಬುದ್ಧಿ ಬೇಕೇ ಬೇಕು. ಒಂದು ಸರ್ವರ್ ಬಿದ್ದರೆ ಇನ್ನೊಂದು ಎದ್ದು ನಿಲ್ಲಬೇಕು, ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ :-) ಆದರೆ ದೇವರಿಗೂ ಬ್ಯಾಕಪ್ ಇಟ್ಟರೆ ಅದನ್ನು ನಂಬಿಕೆ ಅಂತ ಹೇಗೆ ಕರೆಯೋದು?

ನಾನು ಹುಟ್ಟಿದ್ದು ಲಿಂಗಾಯತರ ಮನೆಯಲ್ಲಿ. ಹನ್ನೆರಡನೇ ಶತಮಾನದ ಶರಣರು ಈ ವಿಷಯದಲ್ಲಿ ಬಹಳ ಖಡಾಖಂಡಿತ. ಪಂಚಾಚಾರಗಳಲ್ಲಿ ಲಿಂಗಾಚಾರ ಅಂತ ಒಂದಿದೆ. ಅಂಗೈಯಲ್ಲಿ ಹಿಡಿದ ಇಷ್ಟಲಿಂಗ ಬಿಟ್ಟು ಬೇರೆ ದೈವಕ್ಕೆ ಎರಗಬಾರದು ಅನ್ನೋದು ಅದರ ಸಾರ. ಊರಿನ ಮಾರಿ ಮಸಣಿಯರನ್ನು ವಚನಕಾರರು ಸಿಕ್ಕಾಪಟ್ಟೆ ಗೇಲಿ ಮಾಡಿದ್ದಾರೆ. ಅದು ನನಗೆ ಅಷ್ಟು ಇಷ್ಟವಾಗೋದಿಲ್ಲ. ಮಾರಮ್ಮನ ಜಾತ್ರೆಗೆ ಹೋಗುವ ಅಜ್ಜಿ ಅವಳನ್ನು ಪೂರ್ತಿ ನಂಬಿರುತ್ತಾಳೆ. ನನ್ನ ತಕರಾರು ಇರೋದು ನಮ್ಮಂಥ ಅರೆಬರೆಗಳ ಮೇಲೆ.

ಕೊರಳಲ್ಲಿ ಕರಡಿಗೆ, ಮನೆ ಕೊಳ್ಳುವಾಗ ವಾಸ್ತು. ಹಣೆಗೆ ವಿಭೂತಿ, ಕಾರು ತರಲು ಹೊರಟಾಗ ರಾಹುಕಾಲ. ಇದೆಲ್ಲ ತಮಾಷೆಯಾಗಿ ಕಾಣಬಹುದು. ಮದುವೆ ವಿಷಯಕ್ಕೆ ಬಂದಾಗ ತಮಾಷೆ ಉಳಿಯೋದಿಲ್ಲ.

ನಮ್ಮ ದೊಡ್ಡಪ್ಪನ ಮಗಳದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗೋದಿಲ್ಲವಂತೆ! ಅಕ್ಕ ಎಂ.ಎಸ್ಸಿ. ಮಾಡಿ ಕೆಲಸದಲ್ಲಿದ್ದಾಳೆ. ಒಂದು ಸಂಬಂಧ ಎಲ್ಲ ರೀತಿಯಿಂದ ಕೂಡಿ ಬಂದಿತ್ತು, ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಆ ಮನೆಯ ಯಜಮಾನರು ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯೋದಿಲ್ಲ, ವಚನಗಳು ಬಾಯಿಪಾಠ. ಜಾತಕ ನೋಡಿದವರು ಒಂದು ಮಾತು ಅಂದಿದ್ದೇ ತಡ, "ಕ್ಷಮಿಸಿ, ನಮಗೆ ಧೈರ್ಯ ಬರ್ತಿಲ್ಲ" ಅಂತ ಫೋನ್ ಇಟ್ಟರು. ಅಂಗೈಯಲ್ಲಿ ಹಿಡಿದು ಪೂಜಿಸುವ ಲಿಂಗಕ್ಕಿಂತ, ಕಣ್ಣಿಗೂ ಸರಿಯಾಗಿ ಕಾಣದ ಒಂದಷ್ಟು ನಕ್ಷತ್ರಗಳಿಗೆ ಹೆಚ್ಚು ಶಕ್ತಿ ಇದೆ ಅಂತ ಆಯಿತಲ್ಲ? ಅಕ್ಕ ಆ ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಬಸವಣ್ಣನವರದ್ದೇ ಒಂದು ವಚನವಿದೆ ಇದರ ಬಗ್ಗೆ. ನಮ್ಮವರು ಬಂದು ಕೇಳಿದರೆ ಲಗ್ನ ಶುಭವಾಗಿದೆ, ರಾಶಿ ಗಣ ಎಲ್ಲ ಕೂಡುತ್ತವೆ, ನಾಳೆಗಿಂತ ಇವತ್ತೇ ಒಳ್ಳೆಯದು ಅಂತ ಹೇಳಿಬಿಡಿ ಅನ್ನುವ ಅರ್ಥದ್ದು. ಎಂಟುನೂರು ವರ್ಷದ ಮೇಲಾಯಿತು. ಆ ಯಜಮಾನರಿಗೆ ಇದೂ ಬಾಯಿಪಾಠ ಇರಬೇಕು.

ಇಷ್ಟಲಿಂಗವೂ ಒಂದು ವಿಗ್ರಹವೇ ಅಲ್ಲವೇನ್ರೀ ಅಂತ ನನ್ನ ರೂಮ್‌ಮೇಟ್ ಕೇಳುತ್ತಾನೆ. ಒಳ್ಳೆ ಪ್ರಶ್ನೆ. ಅದು ಬರೀ ಕುರುಹು, ಒಳಗಿನ ಅರಿವಿಗೆ ದಾರಿ ಅಂತ ಶರಣರ ಉತ್ತರ. ಕುರುಹನ್ನೇ ಹಿಡಿದು ಕೂತವರನ್ನು ಅಲ್ಲಮಪ್ರಭು ಬಿಟ್ಟಿಲ್ಲ. ಹಾಗೆ ನೋಡಿದರೆ ಬಸವಣ್ಣನವರನ್ನೇ ನಾವು ಮೂರ್ತಿ ಮಾಡಿಬಿಟ್ಟಿದ್ದೇವೆ. ಬಸವಕಲ್ಯಾಣದಲ್ಲಿ 108 ಅಡಿ, ಲಂಡನ್‌ನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಇನ್ನೊಂದು. ಗೌರವಕ್ಕೆ ಮಾಡಿದ್ದು, ನನ್ನ ವಿರೋಧವೇನಿಲ್ಲ. ಆದರೆ ಹಾರ ಹಾಕಿ ಬಂದು ಪಂಚಾಂಗ ತೆಗೆದರೆ ಏನು ಬಂತು?

ಇನ್ನು ದುಡ್ಡು. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಇದು ನಮಗೆ ಬೇಡ, ಅಲ್ಲೇ ಸುರಿದು ಬನ್ನಿ ಅಂದಳಂತೆ. ನಾಳೆಗೆ ಅಂತ ಒಂದು ಹಿಡಿ ಅಕ್ಕಿಯನ್ನೂ ಬ್ಯಾಕಪ್ ಇಡಲು ಒಪ್ಪದ ಹೆಂಗಸು! ಹೋಮ್ ಲೋನ್ ಕಟ್ಟುವ ನನ್ನಂಥವರಿಗೆ ಈ ಕಥೆ ಓದಿದರೆ ಮೈ ಬೆವರುತ್ತೆ. ಲಕ್ಕಮ್ಮನಷ್ಟು ದೂರ ಹೋಗೋದು ನಮ್ಮ ಕೈಲಿ ಆಗೋದಿಲ್ಲ, ನಿಜ. ಜಾತಕ ನೋಡದೆ ಒಂದು ಮದುವೆ ಮಾಡೋದು ಅಷ್ಟು ಕಷ್ಟವೇ?

ದೊಡ್ಡಪ್ಪ ಈಗ ಹೊಸದಾಗಿ ಕೇಳಿ ಬಂದವರಿಗೆ "ನಮ್ಮಲ್ಲಿ ಜಾತಕ ಬರೆಸಿಲ್ಲ" ಅಂತ ಹೇಳೋಣ ಅನ್ನುತ್ತಿದ್ದಾರೆ. ಅಕ್ಕ ಒಪ್ಪುತ್ತಿಲ್ಲ. "ಬರೆಸಿದ್ದೀವಿ, ಆದ್ರೆ ಕೊಡಲ್ಲ ಅಂತ ಹೇಳಪ್ಪಾ" ಅನ್ನುತ್ತಾಳೆ. ನಾನು ಅಕ್ಕನ ಕಡೆ. ನೀವೇನಂತೀರಿ?