ರೇಡಿಯೇಷನ್ ಭಯ ಬಿಡಿ, ಸೀಸದ ಲೆಕ್ಕ ಕೇಳಿ

ಮನೆಯಲ್ಲಿ ಸೋಲಾರ್ ಬ್ಯಾಟರಿ ಇಟ್ಟರೆ ರೇಡಿಯೇಷನ್ ಹೊಡೆಯುತ್ತದೆ ಎಂಬ ಮಾತನ್ನು ನಂಬಿ ಹಿಂದೆ ಸರಿಯುವವರಿದ್ದಾರೆ. ಈ ಭಯಕ್ಕೆ ಆಧಾರವಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಹೆದರಬೇಕಾದ ಸಂಗತಿಗಳನ್ನು ಅದು ಮರೆಮಾಚುತ್ತಿದೆ.

ಬ್ಯಾಟರಿಯಲ್ಲಿ ವಿಕಿರಣಶೀಲ ವಸ್ತು ಯಾವುದೂ ಇಲ್ಲ. ಅದರಿಂದ ಹರಿಯುವುದು ಡಿಸಿ ಕರೆಂಟು. ಅದನ್ನು ಎಸಿ ಮಾಡುವ ಇನ್ವರ್ಟರ್ ಸುತ್ತ 50 ಹರ್ಟ್ಸ್‌ನ ಕಾಂತಕ್ಷೇತ್ರ ಇರುತ್ತದೆ, ನಿಜ. ಮಿಕ್ಸಿಯ ಸುತ್ತಲೂ ಅದೇ ಇರುತ್ತದೆ. ಇಂಥ ಕ್ಷೇತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ 'ಕ್ಯಾನ್ಸರ್‌ಕಾರಕ ಆಗಿರಬಹುದು' ಎಂಬ ಗುಂಪಿಗೆ ಸೇರಿಸಿದ್ದು ಸೀಮಿತ ಪುರಾವೆಯ ಮೇಲೆ. ದೂರ ಹೆಚ್ಚಿದಂತೆ ಅದು ಬೇಗ ಕ್ಷೀಣಿಸುತ್ತದೆ. ಇನ್ವರ್ಟರನ್ನು ಮಲಗುವ ಕೋಣೆಯಿಂದ ಆಚೆ ಇಟ್ಟರೆ ಸಾಕು.

ಈ ಬಗೆಯ ಭಯ ಕೆಲವರಿಗೆ ಬಂಡವಾಳ. 5ಜಿಯಿಂದ ಕಾಪಾಡುತ್ತವೆಂದು ಮಾರುತ್ತಿದ್ದ ಪದಕ, ಬಳೆಗಳಂಥ 10 ವಸ್ತುಗಳೇ ಅಪಾಯಕಾರಿ ವಿಕಿರಣ ಸೂಸುತ್ತಿವೆ ಎಂದು ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು.

ನಿಜವಾದ ಅಪಾಯ ಮೆಟ್ಟಿಲ ಕೆಳಗೆ ಬ್ಯಾಟರಿ ಇಡುವ ಗಾಳಿಯಾಡದ ಗೂಡಿನಲ್ಲಿದೆ. ಟರ್ಮಿನಲ್ ಮೇಲೆ ನೀಲಿ-ಬಿಳಿ ಪುಡಿ ಕಟ್ಟಿರುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಿ ತಿಂಗಳುಗಳೇ ಆಗಿರುತ್ತವೆ. ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4 ತಲುಪಿದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ ಚಾರ್ಜ್ ಆಗುವಾಗ ಅನಿಲ ಬಿಡದಿದ್ದರೂ, ಕಳಪೆ ಸೆಲ್ ಕಾದು ಹೊತ್ತಿಕೊಂಡರೆ ಬೆಂಕಿ ಆರಿಸುವುದು ಕಷ್ಟ.

ಇನ್ನೊಂದು ಅಪಾಯ ಮನೆ ದಾಟಿ ಹೋಗುತ್ತದೆ. ಸತ್ತ ಬ್ಯಾಟರಿಯನ್ನು ತೂಕಕ್ಕೆ ಹಾಕಿಕೊಂಡು ಹೋಗುವ ಗುಜರಿಯವರ ಕೈಯಿಂದ ಅದು ಅನಧಿಕೃತ ಕುಲುಮೆ ಸೇರಿದರೆ, ಆ್ಯಸಿಡ್ ಚರಂಡಿಗೆ, ಸೀಸದ ಹೊಗೆ ಅಕ್ಕಪಕ್ಕದ ಮಕ್ಕಳ ಉಸಿರಿಗೆ. ಸೆನೆಗಲ್‌ನ ಡಕಾರ್ ಬಳಿಯ ಥಿಯಾರೊಯ್‌ನಲ್ಲಿ 2007-08ರಲ್ಲಿ ಇಂಥದ್ದೇ ಕೆಲಸದಿಂದ 18 ಮಕ್ಕಳು ಸತ್ತರು. ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿದೆ ಎಂದು ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರ ವರದಿಯಲ್ಲಿ ಅಂದಾಜಿಸಿದವು. ಬ್ಯಾಟರಿಗಳ ಅಸುರಕ್ಷಿತ ಮರುಬಳಕೆ ಅದರ ಮುಖ್ಯ ಕಾರಣಗಳಲ್ಲೊಂದು.

ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. 1 ಕೋಟಿ ಮನೆಗಳ ಚಾವಣಿಗೆ ಸೋಲಾರ್ ತರಲು ಹೊರಟ ಸರ್ಕಾರ ಈ ನಿಯಮವನ್ನು ಕಾಗದದಿಂದ ಬೀದಿಗೆ ಇಳಿಸಬೇಕು. ಅಂಗಡಿಯವರು ರಸೀದಿ ಕೊಟ್ಟು ಹಳೆಯದನ್ನು ವಾಪಸ್ ಪಡೆಯಲಿ. ಬ್ಯಾಟರಿ ಕೂರಿಸುವ ಜಾಗದ ಗಾಳಿ-ಬೆಳಕನ್ನು ಪರಿಶೀಲಿಸದೆ ಯಾರೂ ಸಹಿ ಹಾಕದಿರಲಿ. ಕೊಳ್ಳುವ ನಾವು ಅಂಗಡಿಯಲ್ಲಿ ರೇಡಿಯೇಷನ್ ಬಗ್ಗೆ ವಿಚಾರಿಸುವ ಬದಲು, ಈ ಬ್ಯಾಟರಿ ಸತ್ತ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳೋಣ. ಉತ್ತರ ಸಿಗದಿದ್ದರೆ ಅಲ್ಲಿ ಕೊಳ್ಳುವುದು ಬೇಡ.